ಹಿಂದಕ್ಕೆ ನೋಡುವ ಬಾತುಕೋಳಿ

ಡಾರ್ಸೆಟ್‌ನ ನಮ್ಮ ಹಳ್ಳಿಗಳನ್ನು ಸುತ್ತುವ ಈ ಭಾನುವಾರದ ನಡಿಗೆಯವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಕೈಗೆ ಕೋಲು, ಕೊರಳಿಗೆ ನಕ್ಷೆ, ಹಳೇ ಮನೆ ಕಂಡಲ್ಲೆಲ್ಲ ನಿಂತು ಆಹಾ ಅನ್ನುವುದು. ಹುಲ್ಲಿನ ಸೂರು ಮಳೆಗೆ ತಾನಾಗಿ ಮೊಳೆಯುತ್ತದೆ ಅಂದುಕೊಂಡಿದ್ದಾರೆ. ಅದನ್ನು ಹೊದಿಸುವವರು ನಾವು. ಏಣಿಯ ಮೇಲೆ ಮೊಣಕಾಲು ಸವೆಸುವವರು ನಾವು.

ಆದರೂ ಮೇ ತಿಂಗಳ ಮೊದಲ ಭಾನುವಾರ ಅವರ ಸಾಲಿನ ಕೊನೆಯಲ್ಲಿ ನಾನೂ ಇದ್ದೆ. ನನ್ನ ತೋಳು ಹಿಡಿದು ಕ್ಲೆಮ್ ಲೋಡರ್ ನಡೆಯುತ್ತಿದ್ದರು. ನನಗೆ ಕೆಲಸ ಕಲಿಸಿದ ಯಜಮಾನರು. ಎರಡು ವರ್ಷದಿಂದ ನಮ್ಮಿಬ್ಬರಿಗೆ ಮಾತಿರಲಿಲ್ಲ. ಹಿಂದಿನ ದಿನ ಅವರ ಮಗಳು ನೋರಾ ಫೋನ್ ಮಾಡಿದ್ದಳು.

"ಅಪ್ಪನ ಕಣ್ಣು ಹೆಚ್ಚೂಕಮ್ಮಿ ಹೋಯ್ತು ಕಿಟ್. ಒಂದ್ಸಲ ತಾನು ಹೊದಿಸಿದ ಸೂರುಗಳ ಕೆಳಗೆ ನಡೀಬೇಕಂತೆ. ನಾನು ಕರ್ಕೊಂಡು ಹೋಗ್ತೀನಿ ಅಂದ್ರೆ ಬೇಡವಂತೆ. ನೀನೇ ಬರ್ಬೇಕಂತೆ."

ಪರೀಕ್ಷೆಗೂ ಕೂರದೆ ಶಾಲೆ ಬಿಟ್ಟ ನನ್ನನ್ನು ಏಣಿ ಹತ್ತಿಸಿದವರು ಅವರು. ಐದು ವರ್ಷ ಕಲಿಸಿದರು. ಆಮೇಲೊಂದು ದಿನ, ಕೆಲಸ ಕೊಟ್ಟ ಮನೆಯವರೆಲ್ಲ ಅಂಗಳದಲ್ಲಿ ನಿಂತು ನೋಡುತ್ತಿರುವಾಗ, ನಾನು ಹೊದಿಸಿದ್ದ ಒಂದು ಪಕ್ಕವನ್ನು ಪೂರ್ತಿ ಕಿತ್ತೆಸೆದು, "ಕುಡುಕನ ತಲೆಗೂದಲೂ ಇದಕ್ಕಿಂತ ನೀಟಾಗಿರ್ತದೆ" ಅಂದರು. ಎಲ್ಲರೂ ನಕ್ಕರು. ಅವತ್ತೇ ಇಳಿದು ಬಂದು ಸ್ವಂತ ಕೆಲಸ ಹಿಡಿದೆ.

ನಮ್ಮ ಕಡೆ ಸೂರು ಹೊದಿಸುವವನು ಕೆಲಸ ಮುಗಿದ ಮೇಲೆ ಸೂರಿನ ನೆತ್ತಿಯಲ್ಲಿ ತನ್ನ ಗುರುತಿನ ಹುಲ್ಲುಬೊಂಬೆ ಕೂರಿಸುತ್ತಾನೆ. ಕ್ಲೆಮ್ ಅವರದು ಬಾತುಕೋಳಿ, ಕತ್ತು ಹಿಂದಕ್ಕೆ ತಿರುಗಿಸಿದ್ದು. "ಇಳಿಯೋ ಮುಂಚೆ ಮಾಡಿದ ಕೆಲಸಾನ ತಿರುಗಿ ನೋಡು ಅಂತ ಹೇಳ್ತದೆ ಕಣೋ ಅದು" ಅನ್ನುತ್ತಿದ್ದರು. ಕಳೆದ ಅಕ್ಟೋಬರಿನಲ್ಲಿ ಗಿರಣಿ ಮನೆಯ ನೆತ್ತಿ ಹೊಸದು ಮಾಡುವ ಕೆಲಸ ನನಗೆ ಬಂತು. ಅಲ್ಲಿ ಅವರ ಬಾತುಕೋಳಿ ಕೂತಿತ್ತು, ಇನ್ನೂ ಗಟ್ಟಿಯಾಗಿ. ಬಿಚ್ಚಿ ಅವರಿಗೇ ಮುಟ್ಟಿಸಬೇಕಿತ್ತು, ನಮ್ಮಲ್ಲಿ ಹಾಗೇ ಮಾಡುವುದು. ನಾನು ಹಳೇ ಹುಲ್ಲಿನ ಬೆಂಕಿಗೆ ಎಸೆದೆ. ಉರಿದು ಮುಗಿಯುವವರೆಗೂ ನಿಂತು ನೋಡಿದೆ. ಆ ಜಾಗದಲ್ಲಿ ನನ್ನ ನರಿಯನ್ನು ಕೂರಿಸಿದೆ.

ಚರ್ಚು ದಾಟಿದೆವು, ಕಲ್ಲಿನ ಕಣಜ ದಾಟಿದೆವು. ಕಮ್ಮಾರಸಾಲೆಯ ಮುಂದೆ ಕ್ಲೆಮ್ ನಿಂತರು.

"ಬಾತುಕೋಳಿ ಇದೆಯೇನೋ?"

"ಇದೆ ಯಜಮಾನ್ರೇ. ಬಾಲದಲ್ಲಿ ಗುಬ್ಬಿ ಗೂಡು ಕಟ್ಟಿದೆ."

"ನೆಂಟರಿರ್ಬೇಕು ಬಿಡು. ಹೇಳ್ದೆ ಕೇಳ್ದೆ ಬಂದ್ಬಿಡ್ತಾರೆ."

ನಗು ಬಂತು. ಆದರೆ ಮುಂದಿನದು ಗಿರಣಿ ಮನೆ. ಬೇರೆ ದಾರಿ ಹಿಡಿಯೋಣವೆಂದರೆ ಇದ್ದದ್ದೇ ಒಂದು ಕಾಲುದಾರಿ.

ಗುಂಪಿನ ಮುಂದಾಳು ಬೆರಿಲ್ ಹ್ಯಾನ್ಸ್‌ಫರ್ಡ್, ಚಿಕ್ಕಂದಿನಲ್ಲಿ ನನಗೆ ಪಾಠ ಹೇಳಿದವರು, ಅಲ್ಲಿಗೆ ಬಂದಕೂಡಲೇ ಕೋಲೆತ್ತಿದರು. "ಎಲ್ಲರೂ ಮೇಲೆ ನೋಡಿ. ನರಿ! ಮುನ್ನೂರು ವರ್ಷದಿಂದ ಈ ಮನೆಯನ್ನ ಕಾಯ್ತಾ ಇದೆ."

ನನ್ನ ನರಿಗೆ ಏಳು ತಿಂಗಳು. ಬೇರೆ ದಿನವಾಗಿದ್ದರೆ ಕೂಗಾಡಿಬಿಡುತ್ತಿದ್ದೆ.

ನನ್ನ ತೋಳಿನ ಮೇಲೆ ಕ್ಲೆಮ್ ಅವರ ಹಿಡಿತ ಬಿಗಿಯಾಯಿತು. "ನರಿಯಾ? ಇದು ಗಿರಣಿ ಮನೆ ಅಲ್ವೇನೋ? ನನ್ನ ಬಾತುಕೋಳಿ ಎಲ್ಲಿ?"

ಸುಟ್ಟೆ ಅನ್ನಬೇಕಿತ್ತು. ಒಂದೇ ಮಾತು.

"ಆ ಕಡೆ ತುದೀಲಿದೆ ಯಜಮಾನ್ರೇ. ಆಯಮ್ಮ ನೋಡಿಲ್ಲ."

"ಕತ್ತು?"

"ಹಿಂದಕ್ಕೇ ಇದೆ."

"ಹಂಗಾದ್ರೆ ನರಿ ಯಾರ್ದು?"

"ನಂದು."

ಅವರು ಟೋಪಿ ತೆಗೆದು, ಕಾಣದ ಸೂರಿನ ಕಡೆ ಮುಖವೆತ್ತಿ ನಕ್ಕರು. "ಬಾತುಕೋಳೀನ ತಿನ್ನದೆ ಪಕ್ಕದಲ್ಲೇ ಕೂತಿದೆಯಲ್ಲ. ಒಳ್ಳೇ ನರಿ ಕಣೋ ನಿಂದು."

ಆಮೇಲೆ ದನಿ ತಗ್ಗಿಸಿದರು. "ಅವತ್ತು ಎಲ್ಲರೆದುರಿಗೆ ನಾನು ಹಂಗೆ ಅನ್ಬಾರ್ದಿತ್ತು."

ಎರಡು ವರ್ಷ ಈ ಮಾತಿಗೇ ಹಲ್ಲು ಕಚ್ಚಿಕೊಂಡು ಕಾದಿದ್ದೆ. ಬಂದಾಗ ತೆಗೆದುಕೊಳ್ಳಲು ನನಗೆ ಯೋಗ್ಯತೆಯೇ ಉಳಿದಿರಲಿಲ್ಲ.

"ಒಂದು ಕೆಲಸ ಮಾಡ್ತೀಯಾ? ಅದನ್ನ ಬಿಚ್ಚಿ ತಂದ್ಕೊಡು. ಕಣ್ಣು ಹೋದ್ರೇನು, ಕೈ ಇದೆಯಲ್ಲ. ಮಡಿಲಲ್ಲಿಟ್ಕೊಂಡು ಕೂತಿರ್ತೀನಿ."

"ತಂದ್ಕೊಡ್ತೀನಿ" ಅಂದೆ.

ಈಗ ನನ್ನ ಕೊಟ್ಟಿಗೆಯಲ್ಲಿ ನಾನೇ ಕಟ್ಟಿದ ನಾಲ್ಕು ಬಾತುಕೋಳಿಗಳಿವೆ. ಅವರು ಬಳಸುತ್ತಿದ್ದ ಗೋಧಿ ಹುಲ್ಲೇ, ಅವರು ಹಾಕುತ್ತಿದ್ದ ಗಂಟೇ. ಹಳತಾಗಲಿ ಎಂದು ಮಳೆಗಿಟ್ಟೆ, ಬಿಸಿಲಿಗಿಟ್ಟೆ. ಮೈ ಸರಿಬಂತು, ಬಾಲ ಸರಿಬಂತು. ಕತ್ತು ಮಾತ್ರ ತಿರುಗುವುದಿಲ್ಲ. ಬಗ್ಗಿಸಿದರೆ ಮುರಿಯುತ್ತದೆ, ಮುರಿಯದಿದ್ದರೆ ಕೈಬಿಟ್ಟ ತಕ್ಷಣ ಮುಂದಕ್ಕೆ ಚಿಮ್ಮುತ್ತದೆ. ಕಮ್ಮಾರಸಾಲೆಯದನ್ನು ಬಿಚ್ಚಿ ನೋಡೋಣವೆಂದರೆ ಊರೆಲ್ಲ ಕೇಳುತ್ತದೆ, ಅವರ ಕಿವಿಗೂ ಬೀಳುತ್ತದೆ. ಅವರು ಅದನ್ನು ಕಟ್ಟುವಾಗ ಐದು ವರ್ಷ ಪಕ್ಕದಲ್ಲೇ ಕೂತು ಚಹಾ ಕುಡಿದಿದ್ದೇನೆ. ಹೇಗೆ ಅಂತ ಒಮ್ಮೆಯೂ ಕೇಳಲಿಲ್ಲ. ಅದನ್ನು ಹೇಳಬಲ್ಲವರು ಇಡೀ ಕಣಿವೆಯಲ್ಲಿ ಒಬ್ಬರೇ. ಅವರ ಬೆರಳಿಗೆ ಮೋಸ ಮಾಡಲಿಕ್ಕೇ ನಾನು ಇಷ್ಟೆಲ್ಲ ಒದ್ದಾಡುತ್ತಿರುವುದು.

ಇವತ್ತು ನೋರಾ ಮತ್ತೆ ಫೋನ್ ಮಾಡಿದಳು. "ಅಪ್ಪ ಕೇಳ್ತಿದಾರೆ, ಇನ್ನೂ ಏಣಿ ಹಾಕಿಲ್ವಾ ಅಂತ."

"ಮೇಲೆ ಗಾಳಿ ಜಾಸ್ತಿ ಇದೆ ಅಂತ ಹೇಳು" ಅಂದೆ. "ಮುಂದಿನ ವಾರ."

ಕೊಟ್ಟಿಗೆಯ ಬಾಗಿಲು ತೆರೆದೇ ಇತ್ತು. ಹೊರಗೆ ಒಂದೆಲೆಯೂ ಅಲ್ಲಾಡುತ್ತಿರಲಿಲ್ಲ.