ಕಾಣದ ಹೊಗೆ

"ಕ್ಲಚ್ ನಿಧಾನಕ್ಕೆ ಬಿಡಮ್ಮ, ಅದೇನು ಓಡಿಹೋಗಲ್ಲ" ಎಂದು ಮೇಷ್ಟ್ರು ಹೇಳುವಷ್ಟರಲ್ಲಿ ಕಾರು ಮುಗ್ಗರಿಸಿ ನಿಂತಿತು. ಡ್ರೈವಿಂಗ್ ಕಲಿಸುವ ಈ ಮೇಷ್ಟ್ರ ಬೆಳಗು ಶುರುವಾಗುತ್ತಿದ್ದುದೇ ಹೀಗೆ, ಮನೆ ಮುಂದಿನ ಇಕ್ಕಟ್ಟು ಓಣಿಯಲ್ಲಿ. ಆರು ವರ್ಷದಿಂದ ಅವರ ಡೀಸೆಲ್ ಕಾರು ಅಲ್ಲಿ ಗಂಟೆಗಟ್ಟಲೆ ಗುರುಗುಡುತ್ತಿತ್ತು.

ಪಾಠ ಮುಗಿಸಿ ಒಳಗೆ ಬಂದರೆ ಕಾರು ಕಂಪನಿಯ ಪತ್ರ ಕಾದಿತ್ತು. ಮಾಲಿನ್ಯ ಪರೀಕ್ಷೆಯ ಹೊತ್ತಿನಲ್ಲಿ ಮಾತ್ರ ಹೊಗೆ ಅಂಕೆಯಲ್ಲಿರುವಂತೆ ಇಂಜಿನ್ನಿನ ಕಂಪ್ಯೂಟರಿನಲ್ಲಿ ಕಂಪನಿಯೇ ಏರ್ಪಾಡು ಮಾಡಿತ್ತಂತೆ. ರಸ್ತೆಯಲ್ಲಿ ಅದು ಮಿತಿಗಿಂತ ಹಲವು ಪಟ್ಟು ವಿಷಗಾಳಿ ಬಿಡುತ್ತದೆ, ಆ ಗಾಳಿ ಕಣ್ಣಿಗೆ ಕಾಣುವುದಿಲ್ಲ, ಕಾರು ತಂದರೆ ಪುಕ್ಕಟೆ ಸರಿಪಡಿಸುತ್ತೇವೆ ಎಂದು ಬರೆದಿತ್ತು.

"ಕಣ್ಣಿಗೆ ಕಾಣುವುದಿಲ್ಲ" ಎಂಬಲ್ಲಿ ಮೇಷ್ಟ್ರ ಬೆರಳು ನಿಂತಿತು.

ಎರಡು ವರ್ಷದ ಹಿಂದೆ ಎದುರುಮನೆಯ ಟೈಲರ್ ಕೆಮ್ಮುತ್ತಾ ಹೊರಗೆ ಬಂದಿದ್ದರು. "ಮೇಷ್ಟ್ರೇ, ಗಾಡಿ ಸ್ವಲ್ಪ ಆಚೆ ನಿಲ್ಸಿ. ಎದೆ ಹಿಡಿದಂಗಾಗುತ್ತೆ."

"ಹೊಗೆ ಎಲ್ಲಿದೆ ತೋರಿಸ್ರಿ" ಎಂದು ಮೇಷ್ಟ್ರು ಮಾಲಿನ್ಯ ಪರೀಕ್ಷೆಯ ಸರ್ಟಿಫಿಕೇಟನ್ನು ಅವರ ಮುಖಕ್ಕೆ ಹಿಡಿದಿದ್ದರು. "ಕುಣಿಯಲಾರದವನಿಗೆ ನೆಲ ಡೊಂಕಂತೆ. ಬೀಡಿ ಬಿಡಿ, ಕೆಮ್ಮು ತಾನಾಗೇ ಹೋಗುತ್ತೆ." ಓಣಿಯೆಲ್ಲ ನಕ್ಕಿತ್ತು. ಟೈಲರ್ ಬೀಡಿ ಸೇದುತ್ತಿರಲಿಲ್ಲ. ಕೆಮ್ಮುತ್ತಲೇ ಒಳಗೆ ಹೋಗಿದ್ದರು. ಅವರು ತೀರಿಕೊಂಡು ಈಗ ನಾಲ್ಕು ತಿಂಗಳು.

ಮೆಕ್ಯಾನಿಕ್ ಗೆಳೆಯನಿಗೆ ಫೋನು ಮಾಡಿದರೆ ಅವನು ನಕ್ಕುಬಿಟ್ಟ. "ಸರಿ ಮಾಡಿಸಿದ್ರೆ ಎಳೆತ ಕಮ್ಮಿಯಾಗುತ್ತೆ, ಡೀಸೆಲ್ ಜಾಸ್ತಿ ಕುಡಿಯುತ್ತೆ. ಪತ್ರ ಹರಿದು ಹಾಕು. ಇಲ್ಲಾ, ಸುದ್ದಿ ಹಬ್ಬೋದ್ರೊಳಗೆ ಯಾರಿಗಾದ್ರೂ ದಾಟಿಸು."

"ನನಗೇ ಮೋಸ ಆಗಿದೆ" ಎಂದರು ಮೇಷ್ಟ್ರು ಹೆಂಡತಿಯ ಹತ್ತಿರ.

ಪತ್ರ ಓದಿ ಮಡಚಿಟ್ಟ ಅವಳು, "ನಿಮಗೆ ಆಗಿದ್ದು ಕಂಪನಿಯಿಂದ" ಎಂದಳು. ಅವಳ ಕಣ್ಣು ಎದುರುಮನೆಯ ಕಡೆ ಹೋಯಿತು.

ಸಂಜೆ ಮೇಷ್ಟ್ರು ಓಣಿ ದಾಟಿ ಎದುರುಮನೆಗೆ ಹೋದರು. ಟೈಲರ್ ಹೆಂಡತಿ ಯಾರದೋ ಸಮವಸ್ತ್ರಕ್ಕೆ ಗುಂಡಿ ಹಾಕುತ್ತಿದ್ದರು. ಪತ್ರವನ್ನು ಮೇಷ್ಟ್ರೇ ಓದಿ ಹೇಳಿದರು. "ಅಣ್ಣ ಹೇಳಿದ್ದು ನಿಜ ಅಕ್ಕಾ. ನನಗೆ ಗೊತ್ತಿರಲಿಲ್ಲ."

ಆಕೆ ದಾರ ಕಡಿದರು. "ನಿಮ್ಮ ಗಾಡಿಯಿಂದಲೇ ಹೋದ್ರು ಅಂತ ನಾನು ಹೇಳಲ್ಲ. ಡಾಕ್ಟರೂ ಹೇಳಲಿಲ್ಲ. ಆದ್ರೆ ಆವತ್ತಿನಿಂದ ಅವರು ಕೆಮ್ಮು ಬಂದ್ರೆ ಬಾಯಿಗೆ ಬಟ್ಟೆ ಒತ್ತಿಕೊಳ್ತಿದ್ರು, ಓಣಿಗೆ ಕೇಳಬಾರದು ಅಂತ." ಸೂಜಿ ಬದಿಗಿಟ್ಟು ಕೇಳಿದರು. "ಅವರಿಗೆ ಆವತ್ತು ಹತ್ತು ಜನರ ಮುಂದೆ ಅಂದ್ರಿ. ಇದನ್ನ ನನ್ನೊಬ್ಬಳ ಹತ್ತಿರ ಹೇಳೋಕೆ ಬಂದ್ರಾ?"

ಮೇಷ್ಟ್ರು ಪತ್ರ ಮಡಚಿ ಜೇಬಿಗಿಟ್ಟುಕೊಂಡರು. ತಲೆ ತಗ್ಗಿಸಿ ಮನೆಗೆ ಬಂದರು.

ಮರುದಿನ ಬೆಳಿಗ್ಗೆ ಶಿಷ್ಯರು ಐದು ಜನ ಬಂದು ನಿಂತಿದ್ದರು. ಹಾಲಿನವನಿದ್ದ, ಅಂಗಡಿಯವರು ಬಾಗಿಲು ತೆಗೆಯುತ್ತಿದ್ದರು. ಮೇಷ್ಟ್ರು ಅವರನ್ನೆಲ್ಲ ಕರೆದು ನಿಲ್ಲಿಸಿ ಪತ್ರವನ್ನು ಗಟ್ಟಿಯಾಗಿ ಓದಿದರು. "ಟೈಲರಣ್ಣ ನಿಜ ಹೇಳಿದ್ರು. ಅವರನ್ನ ನಗೆಪಾಟಲು ಮಾಡಿದವನು ನಾನು" ಎಂದರು. ಈ ಸಲ ಯಾರೂ ನಗಲಿಲ್ಲ. ಎದುರು ಬಾಗಿಲಲ್ಲಿ ನಿಂತಿದ್ದ ಟೈಲರ್ ಹೆಂಡತಿ ಕೊನೆಯವರೆಗೂ ಕೇಳಿ ಒಳಗೆ ಹೋದರು.

"ಇವತ್ತು ಕ್ಲಾಸ್ ಇದ್ಯಾ ಸರ್?" ಒಬ್ಬಳು ಮೆಲ್ಲಗೆ ಕೇಳಿದಳು.

"ಇಲ್ಲಮ್ಮ. ಗಾಡಿ ಸರಿಯಾಗಿ ಬರೋವರೆಗೆ ಇಲ್ಲ. ತಳ್ಳೋಕೆ ಒಂಚೂರು ಕೈ ಜೋಡಿಸ್ತೀರಾ?"

ಇಂಜಿನ್ ಶುರು ಮಾಡದೆ, ಒಂದು ಕೈಯಲ್ಲಿ ಸ್ಟೀರಿಂಗ್ ಹಿಡಿದು, ಹೆಗಲು ಕೊಟ್ಟು, ಮೇಷ್ಟ್ರು ಶಿಷ್ಯರ ಜೊತೆ ಕಾರನ್ನು ಓಣಿಯ ತುದಿಯವರೆಗೂ ತಳ್ಳಿಕೊಂಡು ಹೋದರು.