ಎರವಲು ಕಣ್ಣು

ಹೊಳಿಯಮ್ಮ ಫೋಟೋದ ಚೌಕಟ್ಟನ್ನು ಗಾಜಿನ ಮೇಜಿನ ಮೇಲೆ ಬೋರಲಾಗಿಟ್ಟು, ಅದರ ಬೆನ್ನಿನ ಮೇಲೆ ಅಂಗೈ ಒತ್ತಿಕೊಂಡು ನಿಂತಳು.

“ಇದರ ಕಣ್ಣ ಮುಚ್ಚಿ ಕೊಡ್ರಿ.”

ಕೊಟ್ರೇಶ ಕುಷ್ಟಗಿಯ ಬಸ್ ನಿಲ್ದಾಣದ ಎದುರು ಹತ್ತೊಂಬತ್ತು ವರ್ಷಗಳಿಂದ ಫೋಟೋ ಸ್ಟುಡಿಯೋ ನಡೆಸುತ್ತಿದ್ದ. ಫೋಟೋದಲ್ಲಿ ಸತ್ತವರ ಕಣ್ಣು ತೆರೆಸಲು ಬಂದವರನ್ನು ಕಂಡಿದ್ದ. ಮುಚ್ಚಿಸಲು ಬಂದವರನ್ನು ಕಂಡಿರಲಿಲ್ಲ.

“ಏನಬೇ ಯವ್ವಾ, ತಿಂಗಳದಾಗ ತಿರುಗಿ ತಂದಿಯಲ್ಲ! ಗ್ಯಾರಂಟಿ ಕಾರ್ಡ್ ಏನರ ಕೊಟ್ಟಿದ್ನೇನು?”

“ನಗಬ್ಯಾಡೋ ತಮ್ಮಾ. ಮನ್ಯಾಗ ಎಲ್ಲಿ ಕುಂತ್ರೂ ನನ್ನ ನೋಡ್ತಾಳ. ಒಲಿ ಮುಂದ ಕುಂತ್ರ ಒಲಿ ಕಡೆ, ಬಾಗಿಲಿಗೆ ಹೋದ್ರ ಬಾಗಿಲ ಕಡೆ. ನಮ್ಮ ಸುಮಂಗಲಾ ಹಂಗ ನೋಡಾಕಿ ಅಲ್ಲ. ನೆಲಾ ನೋಡ್ಕೊಂತ ಮಾತಾಡಾಕಿ. ಇದು ನನ್ನ ಮಗಳಲ್ಲ. ಯಾರೋ ಬ್ಯಾರೆಯವರು ಒಳಗ ಕುಂತು ನೋಡಾಕತ್ಯಾರ.”

ಒಳಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತಿದ್ದ ಅಮೃತಾಳ ಕೈ ನಿಂತಿತು. ಅವಳು ಕೊಟ್ರೇಶನ ಅಕ್ಕನ ಮಗಳು. ಆ ವರ್ಷ ಪಿಯುಸಿ ಮುಗಿಸಿದ್ದಳು. ಪರದೆಯ ಮೇಲೆ ಚಿತ್ರಕಲಾ ಪದವಿಯ ಅರ್ಜಿ ತೆರೆದಿತ್ತು. ಕಾಲೇಜುಗಳು ಎರಡು, ಖಾನೆಗಳು ಎರಡು: ಮೊದಲ ಆಯ್ಕೆ, ಎರಡನೆಯ ಆಯ್ಕೆ. ಪ್ರವೇಶ ಪರೀಕ್ಷೆಯಲ್ಲಿ ಬಂದ ಅಂಕಗಳಿಗೆ, ಮೊದಲ ಖಾನೆಯಲ್ಲಿ ಯಾವುದನ್ನು ಬರೆದರೂ ಅದೇ ಸಿಗುವುದು ಖಚಿತವಿತ್ತು. ಅರ್ಜಿ ಕಳಿಸಲು ಐದು ಗಂಟೆಯವರೆಗೆ ಅವಕಾಶ. ಆಗ ನಾಲ್ಕು ಗಂಟೆ ಹತ್ತು ನಿಮಿಷ.

ಮೊದಲ ಖಾನೆಯಲ್ಲಿ ಧಾರವಾಡ ಇತ್ತು, ಎರಡನೆಯದರಲ್ಲಿ ಮೈಸೂರು. ಬೆಳಿಗ್ಗೆ ಮಾವನೇ ಪಕ್ಕದಲ್ಲಿ ನಿಂತು ಬರೆಸಿದ್ದ.

“ಧಾರವಾಡ ಅಂದ್ರ ಶನಿವಾರ ಮುಂಜಾನೆ ಬಸ್ ಹತ್ತಿದ್ರ ಮಧ್ಯಾಹ್ನಕ್ಕ ಇಲ್ಲಿರ್ತಿ. ನಿನ್ನ ಕೈ ಬಿಟ್ರ ಈ ಕೆಲಸ ಯಾರಿಗೆ ಬರ್ತೈತಿ? ಮೈಸೂರಾಗ ಅಂಥಾದ್ದು ಏನೈತಿ ಹೇಳು. ಅಲ್ಲಿ ಪೆನ್ಸಿಲ್ ತಾನ ಬರಿತೈತೇನು?”

ಮೈಸೂರಿನ ಕಾಲೇಜಿನ ಪಠ್ಯಕ್ರಮದಲ್ಲಿ ಒಂದು ಸಾಲನ್ನು ಅವಳು ಹಲವು ಸಲ ಓದಿದ್ದಳು. ಮೊದಲ ವರ್ಷ, ವಾರಕ್ಕೆ ಹನ್ನೆರಡು ಗಂಟೆ, ಎದುರು ಕುಳಿತ ವ್ಯಕ್ತಿಯನ್ನು ನೋಡಿ ಚಿತ್ರ ಬರೆಯುವುದು. ಉಸಿರಾಡುವ ಮುಖ, ಬೇಸತ್ತು ಅಲುಗುವ ಮುಖ. ಅಂಥದನ್ನು ಅವಳು ಒಂದೂ ಬರೆದಿರಲಿಲ್ಲ.

ಈ ಭಾಗದ ಎಷ್ಟೋ ಮನೆಗಳಲ್ಲಿ ಸತ್ತವರನ್ನು ಗೋಡೆಗೆ ಒರಗಿಸಿ ಕೂಡಿಸಿ, ಹಾರ ಹಾಕಿ ಪೂಜಿಸುತ್ತಾರೆ. ಕೆಲವರ ಮುಖ ಸ್ಪಷ್ಟವಾಗಿ ಉಳಿಯುವುದು ಆಗ ತೆಗೆದ ಫೋಟೋದಲ್ಲಿ ಮಾತ್ರ. ಆದರೆ ಮುಚ್ಚಿದ ಕಣ್ಣಿನ ಫೋಟೋವನ್ನು ಗೋಡೆಗೆ ಹಾಕುವಂತಿಲ್ಲ. ಆದ್ದರಿಂದ ಸತ್ತವರ ತಮ್ಮನನ್ನೋ ಮಗಳನ್ನೋ ಸ್ಟುಡಿಯೋದಲ್ಲಿ ಕೂಡಿಸಿ, ಅವರ ಕಣ್ಣುಗಳ ಫೋಟೋ ಹಿಡಿದು, ಅಳತೆಗೆ ತಗ್ಗಿಸಿ, ಆ ಮುಖಕ್ಕೆ ಹೊಂದಿಸಬೇಕು. ರಕ್ತಸಂಬಂಧದ ಕಣ್ಣು ಬೇಗ ಹೊಂದುತ್ತದೆ. ಮೂರು ವರ್ಷಗಳಿಂದ ಈ ಕೆಲಸ ಅಮೃತಾಳದು. ಒಮ್ಮೆ, ಬಂದ ಬಂಧುಗಳ ಕಣ್ಣುಗಳು ಅತ್ತು ಅತ್ತು ಊದಿಕೊಂಡಿದ್ದವು. ಅವಳು ತನ್ನ ಕಣ್ಣುಗಳನ್ನೇ ಫೋಟೋ ಹಿಡಿದು ಕೂಡಿಸಿದಳು. ಹೊಂದಿದವು. ಆಮೇಲೆ ಅದೇ ಸುಲಭವಾಯಿತು. ಮುದುಕರಿಗೆ, ಬಾಣಂತಿಗೆ, ಟ್ರ್ಯಾಕ್ಟರಿನಿಂದ ಬಿದ್ದವನಿಗೆ. ಈವರೆಗೆ ಇಪ್ಪತ್ತೇಳು ಮುಖಗಳು. ಯಾರಿಗೂ ಹೇಳಿರಲಿಲ್ಲ.

ಈಚೆಗೆ ಯಲಬುರ್ಗಾದ ಬಸ್ಸಿನಲ್ಲಿ ಗುರುತಿಲ್ಲದ ಹೆಂಗಸರು “ನಿನ್ನ ಎಲ್ಲೋ ನೋಡೀನವ್ವ” ಎಂದು ಸರಿದು ಜಾಗ ಕೊಡುತ್ತಿದ್ದರು. ಹನುಮಸಾಗರದಲ್ಲಿ ಎಣ್ಣೆಯಂಗಡಿಯ ಮುದುಕನೊಬ್ಬ ಅವಳನ್ನು ಕಂಡು ಎದ್ದು ನಿಂತು ಕೈಮುಗಿದ. ಏಕೆ ಮುಗಿದೆನೆಂದು ಅವನಿಗೇ ತಿಳಿಯಲಿಲ್ಲ. ಮುಗಿದ ಕೈಗಳನ್ನು ಇಳಿಸಲೂ ಇಲ್ಲ. ಅಂದಿನಿಂದ ಅವಳು ಹನುಮಸಾಗರಕ್ಕೆ ಹೋಗಿರಲಿಲ್ಲ.

ಅಮೃತಾ ಎದ್ದು ಹೊರಗೆ ಬಂದಳು. ತಿಂಗಳ ಹಿಂದೆ ಹೊಳಿಯಮ್ಮ ಒಬ್ಬಳೇ ಬಂದು ಕೊಟ್ರೇಶನ ಕೈಗೆ ಫೋಟೋ ಕೊಟ್ಟು ಹೋಗಿದ್ದಳು. ಮುದುಕಿಯ ಎರಡೂ ಕಣ್ಣುಗಳಲ್ಲಿ ಪೊರೆ ಇತ್ತು. ಅವು ಕೆಲಸಕ್ಕೆ ಬರುವಂತಿರಲಿಲ್ಲ. ಅಂದು ಅಮೃತಾ ಒಳಕೋಣೆಯಿಂದ ಹೊರಬಂದಿರಲಿಲ್ಲ.

“ಕೊಡು ಆಯಿ, ನೋಡ್ತೀನಿ,” ಎಂದು ಚೌಕಟ್ಟನ್ನು ಮಗುಚಿದಳು.

ನೀಲಿ ಸೀರೆ, ತುಸು ಎಡಕ್ಕೆ ವಾಲಿದ ಗದ್ದ. ಅದರ ಮೇಲೆ ಅಮೃತಾಳ ಕಣ್ಣುಗಳು. ಕನ್ನಡಿಯಲ್ಲಿ ಅವು ಎಂದೂ ಅಷ್ಟು ಸ್ಥಿರವಾಗಿ ಅವಳನ್ನು ನೋಡಿರಲಿಲ್ಲ. ತಲೆಯೆತ್ತಿದಾಗ ಹೊಳಿಯಮ್ಮ ತೀರ ಹತ್ತಿರಕ್ಕೆ ಬಂದಿದ್ದಳು. ಮುದುಕಿ ಫೋಟೋ ನೋಡಿದಳು, ಹುಡುಗಿಯ ಮುಖ ನೋಡಿದಳು, ಮತ್ತೆ ಫೋಟೋ ನೋಡಿದಳು. ಆಮೇಲೆ ಬೆರಳು ಚಾಚಿ ಅಮೃತಾಳ ಹುಬ್ಬನ್ನು ಮುಟ್ಟಿದಳು.

“ಇಲ್ಲೇ ಅದಿಯೇನವ್ವ ನೀನು?”

ಹೊತ್ತು ಮೀರಿ ಮನೆಗೆ ಬಂದವರನ್ನು ಕೇಳುವ ದನಿ ಅದು.

“ನಾನು ಅಮೃತಾ, ಆಯಿ.”

“ಹೌದವ್ವ. ಹೌದು,” ಎಂದಳು ಹೊಳಿಯಮ್ಮ, ಬೆರಳು ತೆಗೆಯಲಿಲ್ಲ. “ಮುಚ್ಚೂದು ಬ್ಯಾಡ ಬಿಡು. ನಾನ ಬರ್ತೀನಿ. ಇಲ್ಲಿ ಎದುರಿಗೆ ಕುಂದರ್ತೀನಿ. ಏನೂ ಕೇಳಂಗಿಲ್ಲ. ಒಂದು ತಾಸು ನೋಡ್ಕೊಂಡು ಹೋಗ್ತೀನಿ.”

ಕೊಟ್ರೇಶ ಮುದುಕಿಯನ್ನು ಸಾಗಹಾಕುವ ಆತುರದಲ್ಲಿ, “ಶನಿವಾರ ಬಾರಬೇ. ಇನ್ನ ಮ್ಯಾಲೆ ಧಾರವಾಡದಿಂದ ಶನಿವಾರಕ್ಕೊಮ್ಮೆ ಬಂದಿರ್ತಾಳ,” ಎಂದ.

“ಎಲ್ಲಾ ಶನಿವಾರಾ?”

“ಎಲ್ಲಾ.”

ವರ್ಷಕ್ಕೆ ಐವತ್ತೆರಡು, ನಾಲ್ಕು ವರ್ಷಕ್ಕೆ ಇನ್ನೂರ ಎಂಟು. ಈ ಮಾತು ಬಸ್ಸಿನಲ್ಲಿ ಇನ್ನೊಬ್ಬರಿಗೆ ತಿಳಿದೇ ತಿಳಿಯುತ್ತದೆ. ಉಳಿದ ಇಪ್ಪತ್ತಾರು ಮನೆಗಳಿಗೂ ಮುಟ್ಟುತ್ತದೆ. ಅಮೃತಾ ಬಾಗಿಲಾಚೆಯ ಬೆಂಚನ್ನು ನೋಡಿದಳು. ಒತ್ತಿ ಕುಳಿತರೆ ಆರು ಜನ ಹಿಡಿಸುತ್ತಿದ್ದರು.

ಅವಳು ಒಳಗೆ ಹೋದಳು. ಮೊದಲ ಖಾನೆಗೆ ಮೈಸೂರನ್ನು ತಂದು, ಎರಡನೆಯದಕ್ಕೆ ಧಾರವಾಡವನ್ನು ಇಳಿಸಿದಳು. ‘ಇನ್ನು ಬದಲಿಸಲಾಗದು, ಕಳಿಸಬೇಕೆ?’ ಎಂದು ಪರದೆ ಕೇಳಿತು. ಒತ್ತಿದಳು. ನಾಲ್ಕು ಗಂಟೆ ಇಪ್ಪತ್ತೆರಡು ನಿಮಿಷ.

“ಶನಿವಾರ ನಾ ಇರಂಗಿಲ್ಲ ಆಯಿ,” ಎಂದಳು ಹೊರಗೆ ಬಂದು. “ಮೈಸೂರಿಗೆ ಹೊಂಟೀನಿ.”

“ಏನಂದಿ?” ಕೊಟ್ರೇಶ ಎದ್ದು ನಿಂತ.

“ಕಳಿಸಿ ಬಿಟ್ಟೀನಿ ಮಾವ. ಆತು.”

ಹೊಳಿಯಮ್ಮ ಅಳಲಿಲ್ಲ. ಸೆರಗಿನ ತುದಿಯಿಂದ ತನ್ನ ಬಲಗೈಯನ್ನು ನಿಧಾನವಾಗಿ ಒರೆಸಿಕೊಂಡಳು.

“ಭಾಳ ದೂರ ಏನವ್ವ?”

“ಹೌದಾಯಿ, ದೂರ.”

“ದೂರ ಹೋಗಾಕಿನ್ನ ಹಿಂಗ ಕಳಿಸಬಾರದು. ಹಿಂದಕ್ಕ ನೋಡ್ಕೊಂತ ನಿಂತು ಬಿಡ್ತಾರ. ಅವತ್ತು ದವಾಖಾನ್ಯಾಗ ಸುಮಂಗಲಾನ ಕಣ್ಣ ಯಾರೋ ಮುಚ್ಚಿದ್ರು. ನಾ ಹೋಗೂದ್ರಾಗ ಮುಚ್ಚಿ ಬಿಟ್ಟಿದ್ರು. ನನ್ನ ಕೈಲೆ ಆಗಲಿಲ್ಲ.”

ಅವಳು ಅಂಗೈಯನ್ನು ಅಮೃತಾಳ ಹಣೆಯ ಮೇಲಿಟ್ಟಳು. ಅಲ್ಲಿಂದ ಕೆಳಕ್ಕೆ, ಆತುರವಿಲ್ಲದೆ, ಎರಡೂ ರೆಪ್ಪೆಗಳನ್ನು ಇಳಿಸಿದಳು. ಆ ಕೈ ಒರಟಾಗಿತ್ತು, ಬೆಚ್ಚಗಿತ್ತು. ಈರುಳ್ಳಿಯ ವಾಸನೆ ಬಂತು. ಅಮೃತಾ ಹಿಂದೆ ಸರಿಯಲಿಲ್ಲ.

“ಹೋಗಿ ಬಾರವ್ವ,” ಎಂಬ ಮಾತು ಕಿವಿಯ ಹತ್ತಿರ ಕೇಳಿತು. ಕೈ ದೂರವಾಯಿತು. ಹವಾಯಿ ಚಪ್ಪಲಿಯ ಸದ್ದು ಮೆಟ್ಟಿಲಿಳಿಯಿತು: ಒಂದು, ಎರಡು, ಮೂರು.

“ಅಮೃತಾ,” ಎಂದ ಕೊಟ್ರೇಶ. “ಏ, ಕಣ್ಣ ತೆರಿ.”

ಅವಳು ನಿಂತೇ ಇದ್ದಳು.

“ಕಣ್ಣ ತೆರಿಯವ್ವ,” ಎಂದ ಮತ್ತೆ. ಈ ಸಲ ಅವನ ದನಿ ಅವನದಾಗಿರಲಿಲ್ಲ; ಸತ್ತವರ ಕಣ್ಣು ತೆರೆಸಲು ಬಂದವರದಾಗಿತ್ತು.

ರೆಪ್ಪೆಗಳ ಕೆಳಗೆ ಪಾಪೆಗಳು ಒಮ್ಮೆ ಅತ್ತ, ಒಮ್ಮೆ ಇತ್ತ ಹೊರಳಿದವು. ರಸ್ತೆಯಾಚೆ, ಹೊಳಿಯಮ್ಮ ಹತ್ತಬೇಕಿದ್ದ ಯಲಬುರ್ಗಾದ ಬಸ್ಸಿನ ಕಂಡಕ್ಟರ್ ಸೀಟಿ ಊದಿದ. ಬಸ್ಸು ತಿರುವು ದಾಟಿ, ಅದರ ಸದ್ದು ಪೂರ್ತಿ ಅಡಗುವವರೆಗೂ ಅವಳು ಹಾಗೆಯೇ ನಿಂತು ಕೇಳಿದಳು.