ಸಡಿಲಾದ ಮೂರು ತಂತಿ

ನಾನು ಒಂದು ಗಿಟಾರ್. ಹೊಟ್ಟೆ ಟೊಳ್ಳು, ಕತ್ತು ಉದ್ದ, ಬಿಂಕ ಸ್ವಲ್ಪ ಹೆಚ್ಚು. ಕೋಲ್ಕತ್ತದ ಒಂದು ಕಾರ್ಖಾನೆಯಲ್ಲಿ ಅಂಟು, ವಾರ್ನಿಶ್ ವಾಸನೆಯ ನಡುವೆ ಹುಟ್ಟಿ, ರೈಲಿನಲ್ಲಿ ಮೂಟೆಗಳ ಮೇಲೆ ಬಿದ್ದುಕೊಂಡು ಮಂಗಳೂರಿಗೆ ಬಂದೆ. ನನ್ನನ್ನು ಕೊಂಡವರು ಹಂಚಿನ ಕಾರ್ಖಾನೆಯ ಬೊನಿಫಾಸರು. ಯಾರ ಮನೆಯಲ್ಲಿ ಮದುವೆಯಾದರೂ ನಮ್ಮಿಬ್ಬರಿಗೂ ಕರೆ ಬರುತ್ತಿತ್ತು.

ಒಂದು ದಿನ ಹಂಚು ಒತ್ತುವ ಯಂತ್ರ ಅವರ ಎಡಗೈಯ ಎರಡು ಬೆರಳು ತೆಗೆದುಕೊಂಡಿತು. ಆಮೇಲೆ ನಾನು ಕಪಾಟಿನ ಮೇಲೆ ಧೂಳು ತಿನ್ನುತ್ತ ಕುಳಿತೆ. ಹೊಟ್ಟೆಯೊಳಗೆ ಹಲ್ಲಿ ಮೊಟ್ಟೆಯಿಟ್ಟಿತು. ಬಹಳ ಬೇಸರದ ಕಾಲ ಅದು.

ಅಷ್ಟರಲ್ಲಿ ಮಗಳು ಎವ್ಲಿನ್‌ಗೆ ಮದುವೆ ಗೊತ್ತಾಯಿತು. ಮದುವೆಯ ಹಿಂದಿನ ದಿನ ಮದುಮಗಳಿಗೆ ತೆಂಗಿನಹಾಲು ಹಚ್ಚಿ ಹಾಡು ಹೇಳುವ ಶಾಸ್ತ್ರವೇ ರೋಸ್.

"ಪಪ್ಪಾ, ನನ್ನ ರೋಸಿಗೆ ನೀವೇ ಬಾರಿಸಬೇಕು."

"ಈ ಕೈಯಲ್ಲಿ ಎಂತ ಬಾರಿಸುವುದು ಮಾರಾಯ್ತಿ?"

ಹಾಗೆಂದವರೇ ಮರುದಿನ ನನ್ನನ್ನು ಇಳಿಸಿದರು. ನನ್ನ ಆರು ತಂತಿಗಳಲ್ಲಿ ಮೂರನ್ನು ಸ್ವಲ್ಪ ಸ್ವಲ್ಪವೇ ಸಡಿಲಿಸಿದರು. ಆಗ ಎಲ್ಲೂ ಒತ್ತದೆ ಮೀಟಿದರೂ ಆರೂ ತಂತಿ ಒಂದೇ ಕುಟುಂಬದವರಂತೆ ದನಿಗೂಡಿಸಿದವು. ಒಂದು ಬೆರಳು ಅಡ್ಡ ಇಟ್ಟರೆ ಇನ್ನೊಂದು ಸ್ವರಮೇಳ. ಎರಡೇ ತಂತಿ ಒತ್ತಿ ಉಳಿದವನ್ನು ಬಿಟ್ಟರೆ ನಾನೇ ಕೇಳಿರದ ವಿಚಿತ್ರ ನಾದ. ಇದೆಲ್ಲ ನನ್ನೊಳಗೇ ಇತ್ತೆಂದು ತಿಳಿದು ಖುಷಿಯಾಯಿತು. ದಿನವೂ ಸಂಜೆ ಎವ್ಲಿನ್ ಅಡುಗೆಮನೆಯಿಂದ ಜೊತೆಗೆ ಗುನುಗುತ್ತಿದ್ದಳು.

ರೋಸಿನ ದಿನ ಇಗರ್ಜಿಯಲ್ಲಿ ಪ್ರಾರ್ಥನೆಯ ಹಾಡು ಕಲಿಸುವ ಗ್ರೆಗರಿ ಮಾಸ್ಟರರು ಬೇಗ ಬಂದರು. ಕುರ್ಚಿಯ ಮೇಲಿದ್ದ ನನ್ನನ್ನು ಮೀಟಿ, ಹುಳಿ ಬಿಂಬುಳಿಕಾಯಿ ಕಚ್ಚಿದವರಂತೆ ಮುಖ ಮಾಡಿದರು. "ಪಾಪ, ಬೊನಿಫಾಸನಿಗೆ ಈಗ ಶ್ರುತಿಯೂ ಗೊತ್ತಾಗುವುದಿಲ್ಲ," ಎಂದು ಮೂರು ತಂತಿಗಳನ್ನೂ ಪ್ರೀತಿಯಿಂದಲೇ ಬಿಗಿದರು. ಬೇಡ ಎನ್ನಲು ನನಗೆ ಬಾಯಿಲ್ಲ.

ಹೆಂಗಸರು ಹಾಡು ಎತ್ತಿದರು. ಬೊನಿಫಾಸರು ಮೀಟಿದರು. ನಾನು ಕತ್ತೆಯಂತೆ ಅರಚಿದೆ. ಯಾರೋ ಕಿಸಕ್ಕೆಂದರು. ಬೊನಿಫಾಸರು ನನ್ನನ್ನು ಕೆಳಗಿಡಲು ಹೊರಟರು.

"ಯಾರೂ ಹಾಲು ಹಾಕಬೇಡಿ," ಎಂದಳು ಎವ್ಲಿನ್, ತಲೆಯಿಂದ ಹಾಲು ಇಳಿಯುತ್ತಿದ್ದಂತೆಯೇ. "ಪಪ್ಪನ ತಂತಿ ಸರಿಯಾಗಲಿ. ಅಷ್ಟರವರೆಗೆ ನಾನು ಇಲ್ಲೇ ಕೂತಿರ್ತೇನೆ."

ಅಡುಗೆಮನೆಯಲ್ಲಿ ಗುನುಗಿದ ಸ್ವರವನ್ನೇ ಅವಳು ಹಿಡಿದಳು. ಅದನ್ನು ಕೇಳುತ್ತ ಬೊನಿಫಾಸರು ಒಂದೊಂದೇ ತಂತಿ ಸಡಿಲಿಸಿದರು. ಅಂದು ನಾನು ನುಡಿದಂತೆ ಮತ್ತೆಂದೂ ನುಡಿದಿಲ್ಲ.

"ಸರಿ ಮಾಡ್ಲಿಕ್ಕೆ ಹೋಗಿ ಕೆಡಿಸಿಬಿಟ್ಟೆ ಮಾರಾಯ," ಎಂದರು ಮಾಸ್ಟರರು.

ಬೊನಿಫಾಸರು ಈಗಿಲ್ಲ. ಕತ್ತು ಬಾಗಿದ ನಾನು ಎವ್ಲಿನ್ ಮನೆಯ ಗೋಡೆಯ ಮೇಲಿದ್ದೇನೆ. ಅವಳ ಹತ್ತು ಬೆರಳೂ ನೆಟ್ಟಗಿವೆ. ಆದರೂ ನನ್ನನ್ನು ಬಾರಿಸುವುದು ಅಪ್ಪನ ಶ್ರುತಿಯಲ್ಲೇ. ಬಂದವರು ಯಾರಾದರೂ ನನ್ನ ಕಿವಿ ತಿರುವಿ ತಂತಿ ಬಿಗಿಯಲು ಕೈ ಹಾಕಿದರೆ ಒಳಗಿನಿಂದಲೇ ಕೂಗುತ್ತಾಳೆ:

"ಮುಟ್ಟಬೇಡಿ, ಅದು ಸರಿಯಾಗಿಯೇ ಉಂಟು."